ನಾಸಿಕದ ಎರಡು ಮನೆಪಾಠಗಳು

ಜೂನ್ ನಡುವಿಗೆ ಮಳೆಯ ಜೊತೆಗೇ ಮಹಾರಾಷ್ಟ್ರದ ಶಾಲೆಗಳು ತೆರೆಯುತ್ತವೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳಿಗೂ ಹೊಸ ವರ್ಷ ಶುರುವಾಗುವುದು ಆಗಲೇ. ಗಣಿತಕ್ಕೆ ಯಾವ ಪುಸ್ತಕ, ಭಾಷೆ ಎಷ್ಟು, ಬೆಳಗ್ಗೆ ಯಾರು ಕೂರಿಸಿಕೊಳ್ಳುವುದು, ಮುಂದೆ ಯಾವ ಪರೀಕ್ಷೆ ಕಟ್ಟಿಸುವುದು ಎಂಬ ಲೆಕ್ಕಾಚಾರ ಮೇ ತಿಂಗಳಲ್ಲೇ ನಡೆದಿರುತ್ತದೆ. ಕ್ರೈಸ್ತ ಕುಟುಂಬವಾದರೆ ದಿನದ ಪ್ರಾರ್ಥನೆಗೂ ಬೈಬಲ್ ಓದಿಗೂ ಅದರಲ್ಲಿ ಜಾಗ ಮಾಡಬೇಕು. ಮಗು ನಾಲ್ಕು ಜನರ ನಡುವೆ ಬೆಳೆಯಬೇಕಲ್ಲ ಎಂದು ಕೇಳುವ ನೆಂಟರಿಗೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಳ್ಳಬೇಕು.

ಇದೆಲ್ಲ ಅಮೆರಿಕದಿಂದ ಈಚೆಗೆ ಬಂದ ಗಾಳಿ ಎಂದು ತಿಳಿದವರೇ ಹೆಚ್ಚು. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಶಾಲೆಯಿಲ್ಲದ ಕಲಿಕೆಯ ಬಗ್ಗೆ ಜಾನ್ ಹೋಲ್ಟ್ ಪತ್ರಿಕೆ ಶುರು ಮಾಡಿದ್ದು 1977ರಲ್ಲಿ. ಅಲ್ಲಿನ ಕ್ರೈಸ್ತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಈ ದಾರಿ ಹಿಡಿದದ್ದು ಅದರ ನಂತರ. ಆದರೆ ಗೋದಾವರಿಯ ದಂಡೆಯ ನಾಸಿಕದಲ್ಲಿ ಅದಕ್ಕೂ ನೂರು ವರ್ಷ ಮೊದಲೇ ಮನೆಯನ್ನು ಶಾಲೆ ಮಾಡಿಕೊಂಡ ಕ್ರೈಸ್ತ ಕುಟುಂಬಗಳಿದ್ದವು. ಅವು ಯಾವುದೋ ಶಿಕ್ಷಣ ತತ್ವವನ್ನು ಓದಿ ಹಾಗೆ ಮಾಡಿದವಲ್ಲ. ಅವುಗಳ ಮುಂದೆ ಬೇರೆ ಬಾಗಿಲುಗಳು ಹೆಚ್ಚು ತೆರೆದಿರಲಿಲ್ಲ.

ಆ ಮನೆಗಳೊಳಗೆ ಏನು ನಡೆಯಿತು ಎಂಬುದು ನಮಗೆ ಗೊತ್ತಾಗುವುದು ಎರಡು ಪುಸ್ತಕಗಳಿಂದ. 1934ರಲ್ಲಿ ಲಂಡನ್ನಿನಿಂದ ಕಾರ್ನೇಲಿಯಾ ಸೊರಾಬ್ಜಿ ಅವರ ಆತ್ಮಕಥೆ 'ಇಂಡಿಯಾ ಕಾಲಿಂಗ್' ಇಂಗ್ಲಿಷಿನಲ್ಲಿ ಹೊರಬಂತು. ಅದೇ ವರ್ಷ ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ'ಯ ಮೊದಲ ಭಾಗ ಮರಾಠಿಯಲ್ಲಿ ಬಂತು. ಕಾರ್ನೇಲಿಯಾ ಹುಟ್ಟಿದ್ದು 1866ರ ನವೆಂಬರ್ 15ರಂದು, ನಾಸಿಕದಲ್ಲಿ. ಲಕ್ಷ್ಮೀಬಾಯಿ ಹುಟ್ಟಿದ್ದು 1868ರಲ್ಲಿ, ನಾಸಿಕಕ್ಕೆ ಹತ್ತಿರದ ಜಲಾಲಪುರದಲ್ಲಿ. ಎರಡು ವರ್ಷದ ಅಂತರ, ಒಂದೇ ನದಿಯ ನೀರು. ಒಬ್ಬರು ಆಕ್ಸ್‌ಫರ್ಡಿಗೆ ಹೋಗಿ ಕಾನೂನು ಓದಿದರು. ಇನ್ನೊಬ್ಬರು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಆದರೂ ಮರಾಠಿ ಗದ್ಯದ ದೊಡ್ಡ ಹೆಸರುಗಳಲ್ಲಿ ಒಂದಾದರು. ಇಬ್ಬರನ್ನೂ ಓದಿಗೆ ಹಚ್ಚಿದ್ದು ಮನೆ.

ಊರು ಬಿಟ್ಟವರ ಊರು

ನಾಸಿಕದಲ್ಲಿ ಇಂದಿಗೂ ಶರಣಪುರ ರಸ್ತೆ ಇದೆ. ಚರ್ಚ್ ಮಿಷನರಿ ಸೊಸೈಟಿ 1850ರ ದಶಕದಲ್ಲಿ ಊರಿನ ಅಂಚಿನಲ್ಲಿ ಕಟ್ಟಿದ ಕ್ರೈಸ್ತ ಹಳ್ಳಿಯ ಹೆಸರು ಅದು. ಅದನ್ನು ಬೆಳೆಸಿದವರು ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಪಾದ್ರಿ. ಶರಣು ಬಂದವರ ಊರು ಎಂಬ ಹೆಸರು ಅಕ್ಷರಶಃ ನಿಜವಾಗಿತ್ತು. ಮತಾಂತರವಾದವರಿಗೆ ಬಾವಿಯ ನೀರು, ಮನೆಯ ಸೂರು, ಕೆಲಸ, ನೆಂಟಸ್ತನ ಎಲ್ಲವೂ ಒಂದೇ ದಿನದಲ್ಲಿ ತಪ್ಪುತ್ತಿತ್ತು. ಧರ್ಮ ಬದಲಿಸಿದವರ ಆಸ್ತಿಯ ಹಕ್ಕು ಹೋಗಬಾರದು ಎಂದು ಸರ್ಕಾರ 1850ರಲ್ಲಿ ಕಾಯ್ದೆಯನ್ನೇನೋ ಮಾಡಿತು. ಆದರೆ ಅಜ್ಜಿಯ ಮಡಿಲನ್ನಾಗಲಿ ಅತ್ತೆಯ ಮನೆಯ ಊಟವನ್ನಾಗಲಿ ಕಾಯ್ದೆಯಿಂದ ಮರಳಿ ಪಡೆಯುವಂತಿರಲಿಲ್ಲ.

ಶರಣಪುರದಲ್ಲಿ ಇನ್ನೊಂದು ಬಗೆಯ ಮಕ್ಕಳೂ ಇದ್ದರು. ಆಫ್ರಿಕಾದ ಕರಾವಳಿಯಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ದೋಣಿಗಳನ್ನು ಬ್ರಿಟಿಷ್ ನೌಕಾಪಡೆ ಹಿಡಿದಾಗ, ಬಿಡುಗಡೆಯಾದ ಮಕ್ಕಳಲ್ಲಿ ಕೆಲವರನ್ನು ಮುಂಬಯಿಗೆ ತರಲಾಗುತ್ತಿತ್ತು. ಅಲ್ಲಿಂದ ಅವರು ನಾಸಿಕಕ್ಕೆ ಬರುತ್ತಿದ್ದರು. ಓದು ಬರಹದ ಜೊತೆ ಬಡಗಿ ಕೆಲಸ, ಕಮ್ಮಾರಿಕೆ ಕಲಿಯುತ್ತಿದ್ದರು. ಡೇವಿಡ್ ಲಿವಿಂಗ್‌ಸ್ಟನ್ ತನ್ನ ಕೊನೆಯ ಆಫ್ರಿಕಾ ಯಾನಕ್ಕೆ ಹೊರಟಾಗ ನಾಸಿಕದ ಕೆಲವು ಹುಡುಗರನ್ನು ಜೊತೆಗೆ ಕರೆದೊಯ್ದ. ಇಲ್ಲಿಯೇ ಓದಿದ ಜೇಕಬ್ ವೇನ್‌ರೈಟ್ ಮುಂದೆ ಆ ತಂಡ ಸೇರಿ, 1874ರಲ್ಲಿ ಲಿವಿಂಗ್‌ಸ್ಟನ್ ಶವದೊಂದಿಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯವರೆಗೂ ಹೋದ. ತಂದೆತಾಯಿಯರಿಂದ ಕಿತ್ತುಕೊಂಡು ಬಂದಿದ್ದ ಈ ಮಕ್ಕಳಿಗೆ ಶಾಲೆಯೇ ಮನೆಯಾಗಬೇಕಾಗಿತ್ತು. ಪಕ್ಕದಲ್ಲೇ, ಮತಾಂತರವಾದವರ ಕುಟುಂಬಗಳಲ್ಲಿ ಮನೆಯೇ ಶಾಲೆಯಾಗಬೇಕಾಗಿ ಬಂತು.

ಆ ಕುಟುಂಬಗಳಲ್ಲಿ ಒಂದು ಸೊರಾಬ್ಜಿ ಖರ್ಸೇಟ್‌ಜಿ ಲಂಗ್ರಾಣ ಅವರದು. ಪಾರ್ಸಿ ಮನೆತನದ ಹುಡುಗ. 1839ರಲ್ಲಿ ಮುಂಬಯಿಯಲ್ಲಿ ಜಾನ್ ವಿಲ್ಸನ್ ಇಬ್ಬರು ಪಾರ್ಸಿ ಯುವಕರಿಗೆ ದೀಕ್ಷಾಸ್ನಾನ ಕೊಟ್ಟಾಗ ಊರೇ ಎದ್ದಿತ್ತು, ವ್ಯಾಜ್ಯ ಕೋರ್ಟಿಗೆ ಹೋಗಿತ್ತು, ಪಾರ್ಸಿಗಳು ಮಕ್ಕಳನ್ನು ಮಿಷನ್ ಶಾಲೆಯಿಂದ ಬಿಡಿಸಿಕೊಂಡಿದ್ದರು. ಅದರ ಬಿಸಿ ಆರುವ ಮೊದಲೇ, 1840ರ ದಶಕದ ಆರಂಭದಲ್ಲಿ, ಸೊರಾಬ್ಜಿ ಕ್ರೈಸ್ತರಾದರು. ಮನೆಯವರು ಅವರನ್ನು ತೆರೆದ ದೋಣಿಯಲ್ಲಿ ಸಮುದ್ರಕ್ಕೆ ಬಿಟ್ಟರೆಂದೂ, ಹೇಗೋ ಬದುಕಿ ಬಂದರೆಂದೂ ಮಗಳು ಮುಂದೆ ಬರೆದರು. ಅವರು ನಾಸಿಕದ ಮಿಷನ್ನಿನಲ್ಲಿ ಕೆಲಸಕ್ಕೆ ನಿಂತರು. ಅದೇ ಮಿಷನ್ನಿನ ಮತ್ತೊಬ್ಬ ಪಾರ್ಸಿ, ರತನ್‌ಜಿ ನವರೋಜಿ, ನಿಜಾಮರ ಸೀಮೆಯ ಔರಂಗಾಬಾದಿಗೆ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರಕ್ಕೆ, ಹೋಗಿ ದಶಕಗಳ ಕಾಲ ಪಾದ್ರಿಯಾಗಿ ದುಡಿದರು. ನಾಸಿಕ ಮತ್ತು ಔರಂಗಾಬಾದಿನ ಮೊದಲ ತಲೆಮಾರಿನ ಇಂಥ ಮನೆಗಳಲ್ಲಿ ಒಂದು ಸಾಮಾನ್ಯ ಸಂಗತಿ ಇತ್ತು: ಮಗುವಿಗೆ ಹಿಂದಿನಿಂದ ಬರುವ ಪಾಠ ಎಂಬುದಿರಲಿಲ್ಲ. ಹಾಡು, ಹಬ್ಬ, ಊಟದ ಕ್ರಮ, ಬೈಗುಳ, ಪ್ರಾರ್ಥನೆ ಎಲ್ಲವನ್ನೂ ತಂದೆತಾಯಿ ಹೊಸದಾಗಿ ಆರಿಸಿಕೊಳ್ಳಬೇಕಾಗಿತ್ತು.

ಸೊರಾಬ್ಜಿ ಮನೆಯ ಪಾಠ

ಸೊರಾಬ್ಜಿಯವರ ಹೆಂಡತಿ ಫ್ರಾನ್ಸಿನಾ ಹುಟ್ಟಿದ್ದು ಹಿಂದೂ ಕುಟುಂಬದಲ್ಲಿ. ಬಾಲ್ಯದಲ್ಲಿ ಸರ್ ಫ್ರಾನ್ಸಿಸ್ ಫೋರ್ಡ್ ಎಂಬ ಇಂಗ್ಲಿಷ್ ಅಧಿಕಾರಿಯೂ ಅವರ ಹೆಂಡತಿ ಕಾರ್ನೇಲಿಯಾ ಫೋರ್ಡರೂ ಆಕೆಯನ್ನು ಸಾಕಿಕೊಂಡರು. ಮಗಳಿಗೆ ಇಟ್ಟದ್ದು ಆ ಸಾಕುತಾಯಿಯ ಹೆಸರು. ತಂದೆ ಪಾರ್ಸಿ ಬೇರಿನವರು, ತಾಯಿ ಹಿಂದೂ ಬೇರಿನವರು, ಅಜ್ಜಿ ಇಂಗ್ಲಿಷಿನವರು, ಮನೆಯ ಧರ್ಮ ಕ್ರೈಸ್ತ, ಬೀದಿಯ ಭಾಷೆ ಮರಾಠಿ. ಈ ಮನೆಯ ಮಕ್ಕಳಿಗೆ ಏನು ಕಲಿಸಬೇಕು ಎಂಬ ಪ್ರಶ್ನೆಗೆ ಯಾವ ಪಠ್ಯಪುಸ್ತಕದಲ್ಲೂ ಉತ್ತರ ಇರಲಿಲ್ಲ.

ಕುಟುಂಬ ನಾಸಿಕದಿಂದ ಬೆಳಗಾವಿಗೆ ಬಂತು, ಬೆಳಗಾವಿಯಿಂದ ಪುಣೆಗೆ ಹೋಯಿತು. ಕಾರ್ನೇಲಿಯಾರ ಬಾಲ್ಯದ ಮೊದಲ ಭಾಗ ಕಳೆದದ್ದು ಬೆಳಗಾವಿಯಲ್ಲಿ. ತಂಗಿ ಆಲಿಸ್ ಹುಟ್ಟಿದ್ದು ಅಲ್ಲೇ, 1874ರಲ್ಲಿ. ಕನ್ನಡ ಮರಾಠಿ ಎರಡೂ ಬೆರೆತ, ದಂಡು ಇದ್ದ ಊರು ಅದು. ಮರಾಠಿಯಲ್ಲಿ 1857ರಲ್ಲೇ 'ಯಮುನಾ ಪರ್ಯಟನ' ಬರೆದ ಬಾಬಾ ಪದ್ಮನ್‌ಜಿ ಹುಟ್ಟಿದ್ದೂ ಕ್ರೈಸ್ತರಾದದ್ದೂ ಬೆಳಗಾವಿಯಲ್ಲೇ. ವಿಧವೆಯರ ಪಾಡನ್ನು ಹೇಳುವ ಆ ಕಾದಂಬರಿಯ ಯಮುನಾ ಓದು ಬಲ್ಲ ಹೆಂಡತಿ. ಓದುವ ಹೆಂಗಸು ಇರುವ ಮನೆ ಹೇಗಿದ್ದೀತು ಎಂಬ ಪ್ರಶ್ನೆ ಆ ಕಾಲದ ಕ್ರೈಸ್ತ ಬಳಗದಲ್ಲಿ ಗಾಳಿಯಲ್ಲೇ ಇತ್ತು.

ಸೊರಾಬ್ಜಿ ಮನೆಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಗಂಡು ಒಬ್ಬನೇ. ಮನೆಮಾತು ಇಂಗ್ಲಿಷ್, ಶಿಸ್ತು ಇಂಗ್ಲಿಷ್, ಮಲಗುವಾಗಿನ ಕಥೆಗಳೂ ಇಂಗ್ಲಿಷ್. ಆದರೂ ತಂದೆ ತನ್ನನ್ನು ಹೊರಹಾಕಿದ ಪಾರ್ಸಿ ಸಮುದಾಯದ ಬಗ್ಗೆ ಮಕ್ಕಳಲ್ಲಿ ಹೆಮ್ಮೆಯನ್ನು ಬೆಳೆಸಿದರು, ಕೋಪವನ್ನಲ್ಲ. ಕಾರ್ನೇಲಿಯಾ ಬದುಕಿನುದ್ದಕ್ಕೂ ಪಾರ್ಸಿ ರೀತಿಯಲ್ಲಿ ಸೀರೆ ಉಟ್ಟರು. ಪಾಠ ಒಂದಷ್ಟು ಮನೆಯಲ್ಲಿ ತಂದೆಯ ಬಳಿ, ಒಂದಷ್ಟು ಮಿಷನ್ ಶಾಲೆಯಲ್ಲಿ. ಎರಡರ ನಡುವೆ ಗೋಡೆ ಇರಲಿಲ್ಲ. 1876ರಲ್ಲಿ ಪುಣೆಯಲ್ಲಿ ಫ್ರಾನ್ಸಿನಾ ವಿಕ್ಟೋರಿಯಾ ಹೈಸ್ಕೂಲ್ ತೆರೆದು, ಎಲ್ಲ ಧರ್ಮದ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ತಮ್ಮ ಮನೆಯ ಅಭ್ಯಾಸವನ್ನೇ ಅವರು ಊರಿಗೆ ಹಂಚಿದ ಹಾಗಾಯಿತು.

ಆ ಮನೆಯ ಇನ್ನೊಂದು ಪಾಠ ಅಂಗಳದಲ್ಲಿ ನಡೆಯುತ್ತಿತ್ತು. ಸಲಹೆ ಕೇಳಿಕೊಂಡು ಹೆಂಗಸರು ಫ್ರಾನ್ಸಿನಾರ ಬಳಿ ಬರುತ್ತಿದ್ದರು. ಪರದೆಯ ಹಿಂದೆ ಬದುಕುವ ಶ್ರೀಮಂತ ವಿಧವೆಯೊಬ್ಬಳು ಒಮ್ಮೆ ಬಂದದ್ದನ್ನು ಕಾರ್ನೇಲಿಯಾ ನೆನೆಯುತ್ತಾರೆ. ಆಕೆಯ ಆಸ್ತಿ ನೋಡಿಕೊಳ್ಳುತ್ತಿದ್ದ ಗಂಡಸು ಕಾಗದಕ್ಕೆ ರುಜು ಹಾಕಿಸಿಕೊಂಡು ಎಲ್ಲವನ್ನೂ ನುಂಗಿದ್ದ. ವಕೀಲರೆಲ್ಲ ಗಂಡಸರು; ಪರದೆಯ ಹೆಂಗಸು ಅವರ ಮುಂದೆ ಕೂತು ಮಾತಾಡುವಂತಿಲ್ಲ. ಇಂಥವರಿಗೆ ನ್ಯಾಯ ಸಿಗಬೇಕಾದರೆ ಹೆಂಗಸರೇ ಕಾನೂನು ಓದಬೇಕು ಎಂಬ ಮಾತು ಆ ಹುಡುಗಿಯ ಕಿವಿಗೆ ಬಿತ್ತು. ಎಳೆಯ ವಯಸ್ಸಿನಲ್ಲಿ ಕೇಳಿದ ಆ ಮಾತೇ ಮುಂದೆ ಅವರ ಬದುಕಿನ ದಾರಿಯಾಯಿತು. ಯಾವ ವೇಳಾಪಟ್ಟಿಯಲ್ಲೂ ಬರೆದಿರದ ಪಾಠ ಅದು. ಮನೆಯ ಬಾಗಿಲು ಹಾಕಿದ್ದರೆ ಅದು ಸಿಗುತ್ತಲೂ ಇರಲಿಲ್ಲ.

ಮನೆಯಲ್ಲಿ ಕಲಿತದ್ದಕ್ಕೆ ಹೊರಗೆ ಬೆಲೆ ಸಿಗುವುದು ಪರೀಕ್ಷೆಯಲ್ಲಿ. ಮುಂಬಯಿ ವಿಶ್ವವಿದ್ಯಾಲಯ ಹೆಂಗಸರನ್ನು ಒಳಗೆ ಬಿಡಬೇಕೆಂದು ಸೊರಾಬ್ಜಿ ಒತ್ತಾಯಿಸಿದವರಲ್ಲಿ ಒಬ್ಬರು. ಕಾರ್ನೇಲಿಯಾ ಪುಣೆಯ ಡೆಕ್ಕನ್ ಕಾಲೇಜು ಸೇರಿದ ಮೊದಲ ಹುಡುಗಿ. ಸಹಪಾಠಿಗಳು ಮುಖದ ಮೇಲೆ ಬಾಗಿಲು ಹಾಕಿದ್ದೂ ಉಂಟು. 1888ರ ಹೊತ್ತಿಗೆ ಅವರು ಮೊದಲ ದರ್ಜೆಯಲ್ಲಿ ಬಿಎ ಮುಗಿಸಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದರು. ಆ ಸ್ಥಾನ ಪಡೆದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಗಬೇಕಿತ್ತು. ಹೆಣ್ಣು ಎಂಬ ಕಾರಣಕ್ಕೆ ಕೊಡಲಿಲ್ಲ. ಇಂಗ್ಲೆಂಡಿನ ಗೆಳೆಯರು ಚಂದಾ ಎತ್ತಿದರು. ಹಣ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದರು. 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್ವಿಲ್ ಸೇರಿದ ಕಾರ್ನೇಲಿಯಾ, 1892ರಲ್ಲಿ ಅಲ್ಲಿನ ಕಾನೂನು ಪದವಿಯ ಪರೀಕ್ಷೆಗೆ ಕೂತ ಮೊದಲ ಹೆಂಗಸಾದರು. ಪದವಿ ಕೈಗೆ ಬರಲು ಮಾತ್ರ ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಒಪ್ಪುವವರೆಗೆ, ಅಂದರೆ 1920ರ ನಂತರದವರೆಗೆ, ಕಾಯಬೇಕಾಯಿತು. ಭಾರತದಲ್ಲಿ ಹೆಂಗಸರು ವಕೀಲಿ ಮಾಡಬಹುದು ಎಂಬ ಕಾಯ್ದೆ ಬಂದದ್ದು 1923ರಲ್ಲಿ.

ಆ ನಡುವೆ, 1904ರಿಂದ, ಅವರು ಬಂಗಾಳದ ಕಡೆಯ ಕೋರ್ಟ್ ಆಫ್ ವಾರ್ಡ್ಸ್‌ಗೆ ಸಲಹೆಗಾರ್ತಿಯಾಗಿ ಕೆಲಸ ಮಾಡಿದರು. ಪರದೆಯ ಹಿಂದಿನ ವಿಧವೆಯರು, ಅಪ್ರಾಪ್ತ ವಯಸ್ಸಿನ ವಾರಸುದಾರರು ಅವರ ಹೊಣೆ. ಆಸ್ತಿಯ ಕಾಗದ ನೋಡುವುದರ ಜೊತೆಗೆ ಆ ಮಕ್ಕಳ ಆರೋಗ್ಯ ಮತ್ತು ಓದಿನ ಏರ್ಪಾಡೂ ಅವರ ಪಾಲಿಗೆ ಬಂತು. ನಾಸಿಕದಲ್ಲಿ ಹುಟ್ಟಿ ಮನೆಯಲ್ಲಿ ಓದಿದ ಹುಡುಗಿ, ಮನೆಯಿಂದ ಹೊರಗೆ ಬರಲಾರದ ಮಕ್ಕಳಿಗೆ ಮನೆಯೊಳಗೇ ಓದು ಮುಟ್ಟಿಸುವ ಕೆಲಸಕ್ಕೆ ನಿಂತದ್ದು ಹೀಗೆ.

ಈ ಮನೆಪಾಠಕ್ಕೆ ಒಂದು ಕೊರತೆಯೂ ಇತ್ತು. ಇಂಗ್ಲಿಷ್ ಕಥೆ, ಇಂಗ್ಲಿಷ್ ಶಿಸ್ತು, ಇಂಗ್ಲಿಷ್ ಉಪಕಾರದ ನಡುವೆ ಬೆಳೆದ ಕಾರ್ನೇಲಿಯಾರಿಗೆ ಸಾಮ್ರಾಜ್ಯದ ಇನ್ನೊಂದು ಮುಖ ಕೊನೆಯವರೆಗೂ ಸರಿಯಾಗಿ ಕಾಣಲಿಲ್ಲ. ಗಾಂಧಿಯವರ ಚಳವಳಿಯನ್ನು ಅವರು ವಿರೋಧಿಸಿದರು. ಭಾರತವನ್ನು ಹೀಗಳೆದು ಕ್ಯಾಥರೀನ್ ಮೇಯೋ 1927ರಲ್ಲಿ ಬರೆದ 'ಮದರ್ ಇಂಡಿಯಾ'ದ ಪರ ನಿಂತರು. ಸ್ವದೇಶದಲ್ಲಿ ಗೆಳೆಯರನ್ನು ಕಳೆದುಕೊಂಡು 1954ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಮನೆಯಲ್ಲಿ ಕಲಿತ ಮಗು ಮನೆಯ ಜ್ಞಾನದ ಜೊತೆ ಮನೆಯ ಕುರುಡನ್ನೂ ಹೊತ್ತುಕೊಂಡೇ ಹೊರಡುತ್ತದೆ.

ಜಲಾಲಪುರದಿಂದ ಅಹ್ಮದನಗರಕ್ಕೆ

ಲಕ್ಷ್ಮೀಬಾಯಿಯವರ ತವರುಮನೆಯಲ್ಲಿ ಕಲಿಸುತ್ತಿದ್ದದ್ದು ಮಡಿ. 1857ರ ದಂಗೆಯ ನಂತರದ ದಿನಗಳಲ್ಲಿ ತಂದೆಗೆ ಮೈಲಿಗೆಯ ಭಯ ಹತ್ತಿತು. ಮನೆಗೆ ಬಂದ ವಸ್ತುವೆಲ್ಲ ತೊಳೆದೇ ಒಳಗೆ ಬರಬೇಕು. ಮನೆಮಂದಿಯ ಬದುಕೆಲ್ಲ ಅದರ ಸುತ್ತ ತಿರುಗಿತು. 'ಸ್ಮೃತಿಚಿತ್ರೆ' ಇದನ್ನು ಹೇಳುವಾಗ ಓದುಗರಿಗೆ ನಗು ಬರುತ್ತದೆ, ಆಮೇಲೆ ಗಂಟಲು ಕಟ್ಟುತ್ತದೆ. ಮನುವಿಗೆ, ಅಂದರೆ ಬಾಲೆ ಲಕ್ಷ್ಮೀಬಾಯಿಗೆ, ಅಕ್ಷರ ಕಲಿಸುವ ಮಾತೇ ಅಲ್ಲಿರಲಿಲ್ಲ. ಹನ್ನೊಂದರ ವಯಸ್ಸಿಗೆ ಮದುವೆ. ಗಂಡ ನಾರಾಯಣ ವಾಮನ ಟಿಳಕ, ನಾಸಿಕದಲ್ಲಿ ಗಣೇಶಶಾಸ್ತ್ರಿ ಲೇಲೆ ಅವರ ಬಳಿ ಸಂಸ್ಕೃತ ಓದಿದ್ದ ಯುವಕ, ಆಗಲೇ ಕವಿ.

ಲಕ್ಷ್ಮೀಬಾಯಿಗೆ ಓದು ಬಂದದ್ದು ಈ ಗಂಡನಿಂದ. ಪಾಠ ಕ್ರಮವಾಗಿ ನಡೆಯಲಿಲ್ಲ. ಟಿಳಕರು ಕೋಪಿಷ್ಠ, ಮರೆಗುಳಿ, ಒಂದು ಊರಿನಲ್ಲಿ ನಿಲ್ಲುವವರಲ್ಲ. ಇಂದು ಉತ್ಸಾಹದಿಂದ ಕಲಿಸುವರು, ನಾಳೆ ಹೇಳದೆ ಕೇಳದೆ ಊರು ಬಿಡುವರು. ಹೆಂಡತಿಯನ್ನು ಓದಿಸುವುದು ಆ ಕಾಲದ ಸುಧಾರಕ ಗಂಡಂದಿರ ಹಂಬಲ. ರಾನಡೆಯವರು ರಮಾಬಾಯಿಗೆ ಕಲಿಸಿದ್ದು ಎಲ್ಲರಿಗೂ ಗೊತ್ತು. ಅಲ್ಲಿ ದುಡ್ಡು, ನೌಕರಿ, ನೆಲೆ ಇತ್ತು. ಟಿಳಕರ ಮನೆಯಲ್ಲಿ ನಾಳೆಯ ಅಕ್ಕಿಗೇ ಖಾತರಿ ಇರಲಿಲ್ಲ. ಆದರೂ ಅಕ್ಷರ ಉಳಿಯಿತು.

ಅದರ ಬೆಲೆ ತಿಳಿದದ್ದು 1895ರಲ್ಲಿ. ರಾಜನಾಂದಗಾವಿಗೆ ಹೋಗುವ ರೈಲಿನಲ್ಲಿ ಒಬ್ಬ ಯುರೋಪಿಯನ್ ಕೊಟ್ಟಿದ್ದ ಹೊಸ ಒಡಂಬಡಿಕೆಯನ್ನು ಓದಿದ ಟಿಳಕರು, ಎರಡು ವರ್ಷದ ಒದ್ದಾಟದ ನಂತರ, ಫೆಬ್ರವರಿ 10ರಂದು ಮುಂಬಯಿಯಲ್ಲಿ ಕ್ರೈಸ್ತರಾದರು. ಹೆಂಡತಿಗೆ ಮುಂಚೆ ಹೇಳಿರಲಿಲ್ಲ. ಎಳೆಯ ಮಗ ದೇವದತ್ತನನ್ನು ಕಟ್ಟಿಕೊಂಡು ಲಕ್ಷ್ಮೀಬಾಯಿ ಸುಮಾರು ಐದು ವರ್ಷ ನೆಂಟರ ಆಸರೆಯಲ್ಲಿ ಬದುಕಿದರು. ಗಂಡ ಬದುಕಿದ್ದೂ ಇಲ್ಲದವರ ಹಾಗೆ. ಆ ವರ್ಷಗಳಲ್ಲಿ ಗಂಡನಿಗೂ ಹೆಂಡತಿಗೂ ಉಳಿದ ನಂಟು ಕಾಗದಗಳದು. ಅಕ್ಷರ ಬಾರದಿದ್ದರೆ ಆ ಕಾಗದಗಳನ್ನು ಬೇರೆ ಯಾರೋ ಓದಿ ಹೇಳಬೇಕಿತ್ತು, ಅವರಿಗೆ ಬೇಕಾದಂತೆ. ಲಕ್ಷ್ಮೀಬಾಯಿ ಕವಿತೆ ಬರೆಯತೊಡಗಿದ್ದೂ ಈ ಅಗಲಿಕೆಯ ನೋವಿನಲ್ಲೇ.

ಕೊನೆಗೆ ಅವರು ಅಹ್ಮದನಗರಕ್ಕೆ ಗಂಡನ ಬಳಿ ಬಂದರು. ಬಂದರೂ ಅಡುಗೆ ಬೇರೆ, ನೀರು ಬೇರೆ. ಜಲಾಲಪುರದ ಪಾಠ ಮೈಯಲ್ಲಿ ಕೂತಿತ್ತು. ಟಿಳಕರು ಒತ್ತಾಯಿಸಲಿಲ್ಲ, ಬೇರೆ ಒಲೆಗೆ ವ್ಯವಸ್ಥೆ ಮಾಡಿಕೊಟ್ಟರು. ಒಂದು ದಿನ ಲಕ್ಷ್ಮೀಬಾಯಿ ತಮ್ಮೊಳಗೇ ಪ್ರಶ್ನೆ ಹಾಕಿಕೊಂಡರು: ಜಾತಿಯನ್ನು ಮಾಡಿದ್ದು ದೇವರೋ ಮನುಷ್ಯರೋ? ದೇವರೇ ಮಾಡಿದ್ದರೆ ಹುಟ್ಟಿನಲ್ಲಿ, ಸಾವಿನಲ್ಲಿ, ಮೈಯಲ್ಲಿ ಗುರುತು ಇರಬೇಡವೇ? ಉತ್ತರ ಹೊಳೆದ ಮೇಲೆ ಯಾರ ಕೈಯ ನೀರನ್ನಾದರೂ ಕುಡಿಯುವುದಾಗಿ ತೀರ್ಮಾನಿಸಿದರು, ಕುಡಿದರು. ದೀಕ್ಷಾಸ್ನಾನ ಆದದ್ದು ಆಮೇಲೆ, 1900ರಲ್ಲಿ. ಮೂವತ್ತು ದಾಟಿದ ಹೆಂಗಸು ತಾನೇ ತನಗೆ ಹೇಳಿಕೊಂಡ ಈ ಪಾಠ 'ಸ್ಮೃತಿಚಿತ್ರೆ'ಯ ನಡುಗಂಬ. ಕಲಿತದ್ದನ್ನು ಬಿಡುವುದಕ್ಕೂ ಒಂದು ಮನೆ ಬೇಕು, ಕಾಯುವವರು ಬೇಕು ಎಂಬುದು ಅಲ್ಲಿ ಕಾಣುತ್ತದೆ.

ಆಮೇಲೆ ಅವರ ಮನೆ ತುಂಬಿತು. ಟಿಳಕರು ಬೀದಿಯಲ್ಲಿ ಸಿಕ್ಕ ಅನಾಥ ಮಕ್ಕಳನ್ನೂ ಓದಲು ಬಂದ ಹುಡುಗರನ್ನೂ ಕರೆತರುವರು. ಲಕ್ಷ್ಮೀಬಾಯಿ ಪಾತ್ರೆಯಲ್ಲಿ ಇದ್ದದ್ದನ್ನೇ ಹೆಚ್ಚಿಸಿ ಬಡಿಸುವರು. ಜಾತಿ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು, ಮರಾಠಿ ಪದ ಹಾಡಿದರು. ಟಿಳಕರು ಕ್ರಿಸ್ತನನ್ನು ತುಕಾರಾಮನ ಛಂದಸ್ಸಿನಲ್ಲಿ ಹಾಡಿದವರು. ಅವರ ಮಕ್ಕಳಿಗೆ ಕ್ರೈಸ್ತರಾಗಲು ಇಂಗ್ಲಿಷ್ ಆಗಬೇಕಾಗಿರಲಿಲ್ಲ. ಸೊರಾಬ್ಜಿ ಮನೆಗೂ ಟಿಳಕರ ಮನೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಒಂದು ಮನೆ ಮಗಳನ್ನು ಲೋಕದ ದೊಡ್ಡ ಪರೀಕ್ಷೆಗಳಿಗೆ ಸಜ್ಜು ಮಾಡಿತು, ನೆಲದ ಭಾಷೆಯ ಮಿಡಿತ ಸ್ವಲ್ಪ ದೂರವಾಯಿತು. ಇನ್ನೊಂದು ಮನೆ ಯಾವ ಪರೀಕ್ಷೆಗೂ ಸಜ್ಜು ಮಾಡಲಿಲ್ಲ, ಆದರೆ ಮಾತನ್ನು ಬಾಯಿಂದ ಕಾಗದಕ್ಕೆ ಇಳಿಸುವ ಧೈರ್ಯ ಕೊಟ್ಟಿತು.

1919ರಲ್ಲಿ ಟಿಳಕರು ತೀರಿಕೊಂಡಾಗ 'ಕ್ರಿಸ್ತಾಯನ' ಎಂಬ ಅವರ ಮಹಾಕಾವ್ಯ ಅರ್ಧಕ್ಕೂ ಬಂದಿರಲಿಲ್ಲ. ಅದನ್ನು ಮುಗಿಸಿದ್ದು ಲಕ್ಷ್ಮೀಬಾಯಿ. ತಂದೆಯ ಚರಿತ್ರೆಗೆ ಸಾಮಗ್ರಿ ಹುಡುಕುತ್ತಿದ್ದ ಮಗ ದೇವದತ್ತ ನೆನಪುಗಳನ್ನು ಬರೆಯುವಂತೆ ತಾಯಿಯನ್ನು ಒತ್ತಾಯಿಸಿದರು. ಅದರಿಂದ ಹುಟ್ಟಿದ್ದು 'ಸ್ಮೃತಿಚಿತ್ರೆ'. 1936ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ಗಂಡ ಹೆಂಡತಿಗೆ ಕಲಿಸಿದ ಅಕ್ಷರ, ಮಗ ತಾಯಿಗೆ ಕೊಟ್ಟ ಒತ್ತಾಸೆ: ಆ ಮನೆಯಲ್ಲಿ ಪಾಠ ದೊಡ್ಡವರಿಂದ ಚಿಕ್ಕವರಿಗೆ ಮಾತ್ರ ಹರಿಯಲಿಲ್ಲ.

ಗಂಗಾಮೂಲದ ಎಚ್ಚರಿಕೆ

ಮನೆಪಾಠದ ಈ ಕಥೆಗೆ ಕರ್ನಾಟಕದಲ್ಲಿ ಇನ್ನೂ ಹಿಂದಿನ ಒಂದು ಅಧ್ಯಾಯ ಇದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಪೇಶ್ವೆಯ ರಾಣಿಗೆ ಸಂಸ್ಕೃತ ಕಲಿಸುವುದನ್ನು ಪುಣೆಯಲ್ಲಿ ಕಂಡು, ತಮ್ಮ ಹೆಂಡತಿಗೂ ಕಲಿಸುವ ಛಲ ತೊಟ್ಟವರು. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಯನ್ನು ಬಾಲೆಯಾಗಿದ್ದಾಗ ಮದುವೆಯಾಗಿ ಕರೆತಂದದ್ದು ಗೋದಾವರಿಯ ದಂಡೆಯಿಂದಲೇ. ಹೆಣ್ಣಿಗೆ ಸಂಸ್ಕೃತವೇ ಎಂದು ಜನ ತಿರುಗಿಬಿದ್ದಾಗ ಅವರು ಊರು ಬಿಟ್ಟು ಕಾಡಿನಲ್ಲಿ ಮನೆ ಕಟ್ಟಿದರು. ಆ ತಾಯಿಯೇ ರಮಾಬಾಯಿಗೆ ಗುರು. ಎಂಟನೆಯ ವಯಸ್ಸಿನಿಂದ ಹದಿನೈದರವರೆಗೆ ವ್ಯಾಕರಣ, ಕೋಶ, ಭಾಗವತ ಎಲ್ಲ ಬಾಯಿಪಾಠ.

ಇದಕ್ಕಿಂತ ಧೀರವಾದ ಮನೆಶಾಲೆ ಸಿಗುವುದು ಕಷ್ಟ. ಆದರೆ ಆ ಮನೆ ಲೌಕಿಕ ವಿದ್ಯೆಯನ್ನು ಹೊರಗಿಟ್ಟಿತು. ಮಗನಿಗೆ ಇಂಗ್ಲಿಷ್ ಕಲಿಸಿ, ನೌಕರಿಯಾದರೂ ಸಿಗುತ್ತದೆ ಎಂದವರ ಮಾತನ್ನು ತಂದೆ ಕೇಳಲಿಲ್ಲ. ಹೊರಗಿನ ಸಂಪರ್ಕದಿಂದ ಮಕ್ಕಳು ಕೆಡುತ್ತಾರೆ ಎಂಬ ಅಂಜಿಕೆ. 1870ರ ದಶಕದ ಬರಗಾಲ ಬಂದಾಗ ಪುರಾಣ ಹೇಳಿ ತೀರ್ಥಯಾತ್ರೆಯಲ್ಲಿ ಬದುಕುತ್ತಿದ್ದ ಕುಟುಂಬಕ್ಕೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಹೋದರು. ರಮಾಬಾಯಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಅಣ್ಣನ ಜೊತೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ತಲುಪಿದ ಹುಡುಗಿಗೆ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಕಾಡಿನ ಪಾಠ ಅವರನ್ನು ಅಷ್ಟೆತ್ತರ ಏರಿಸಿತು, ಆದರೆ ಅವರ ತಾಯಿಯನ್ನು ಹಸಿವಿನಿಂದ ಉಳಿಸಲಿಲ್ಲ. 1883ರಲ್ಲಿ ಕ್ರೈಸ್ತರಾದ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮುಂದೆ ಕೇಡಗಾವಿನಲ್ಲಿ ಕಟ್ಟಿದ ಮುಕ್ತಿಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರದ ಜೊತೆ ಮಗ್ಗ, ಮುದ್ರಣ, ಹೊಲದ ಕೆಲಸ ಕಲಿಸಿದರು. ಅವರ ಮಗಳು ಮನೋರಮಾ ಗುಲಬರ್ಗಾದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಗಂಗಾಮೂಲದಲ್ಲಿ ಇಲ್ಲದಿದ್ದ ಪಾಠವನ್ನು ಮಗಳು, ಮೊಮ್ಮಗಳು ಸೇರಿಸುತ್ತಾ ಹೋದರು.

ಈ ಜೂನಿನ ಲೆಕ್ಕ

ಇಂದಿನ ಸ್ಥಿತಿ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ; ಮಗುವನ್ನು ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಮನೆಯಲ್ಲೇ ಓದಿಸುವವರ ಬಗ್ಗೆ ಕಾಯ್ದೆ ಸುಮ್ಮನಿದೆ, ತಂದೆತಾಯಿಗೆ ಶಿಕ್ಷೆಯನ್ನೂ ವಿಧಿಸಿಲ್ಲ. ಪರೀಕ್ಷೆಯ ಬಾಗಿಲುಗಳು ಮಾತ್ರ ಸೊರಾಬ್ಜಿಯವರ ಕಾಲಕ್ಕಿಂತ ಬಹಳ ಅಗಲವಾಗಿವೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿ ಕಟ್ಟಬಹುದು. ಮಹಾರಾಷ್ಟ್ರ ಮಂಡಳಿಯಲ್ಲಿ ಖಾಸಗಿಯಾಗಿ ಕೂರುವವರಿಗೆ 17ನೇ ನಂಬರಿನ ಫಾರಂ ಇದೆ.

ನಾಸಿಕದಲ್ಲೋ ಸಂಭಾಜಿನಗರದಲ್ಲೋ ಮೇಜಿನ ಮೇಲೆ ಹೊಸ ಪುಸ್ತಕ ಜೋಡಿಸುವ ಕ್ರೈಸ್ತ ಕುಟುಂಬಕ್ಕೆ ಹಾಗಾಗಿ ಅಂದಿನ ಅನಿವಾರ್ಯ ಇಲ್ಲ. ಅದು ಆರಿಸಿಕೊಂಡ ದಾರಿ. ಹಿಂದಿನವರನ್ನು ಊರು ಹೊರಗೆ ಹಾಕಿತ್ತು, ಇಂದಿನವರು ತಾವಾಗಿ ಒಂದು ಹೆಜ್ಜೆ ಹೊರಗೆ ನಿಲ್ಲುತ್ತಾರೆ. ಆರಿಸಿಕೊಂಡವರ ಹೊಣೆ ಸ್ವಲ್ಪ ಹೆಚ್ಚೇ. ಪಠ್ಯ, ವೇಳೆ, ಪ್ರಾರ್ಥನೆಯ ಪಟ್ಟಿ ಮುಗಿದ ಮೇಲೆ ಆ ಹಳೆಯ ಮನೆಗಳು ಮೂರು ಪ್ರಶ್ನೆಗಳನ್ನು ಉಳಿಸಿ ಹೋಗಿವೆ. ಅಂಗಳಕ್ಕೆ ಈ ವರ್ಷ ಯಾರು ಬಂದು ಹೋಗುತ್ತಾರೆ, ಮಗುವಿನ ಕಿವಿಗೆ ಯಾರ ಕಷ್ಟ ಬೀಳುತ್ತದೆ? ಮನೆಯ ನಂಬಿಕೆ ಮಗುವಿಗೆ ನೆರೆಯವರ ಭಾಷೆಯಲ್ಲಿ ಸಿಗುತ್ತದೆಯೋ, ದೂರದ ಭಾಷೆಯಲ್ಲೋ? ಬರಗಾಲ ಬಂದರೆ ಈ ಮಗುವಿಗೆ ಏನು ಮಾಡಲು ಬರುತ್ತದೆ?

ಮೊದಲನೆಯ ಪ್ರಶ್ನೆಗೆ ಫ್ರಾನ್ಸಿನಾ ಸೊರಾಬ್ಜಿ ಒಳ್ಳೆಯ ಉತ್ತರ ಕೊಟ್ಟರು, ಎರಡನೆಯದಕ್ಕೆ ಟಿಳಕ ದಂಪತಿ, ಮೂರನೆಯದಕ್ಕೆ ತಡವಾಗಿಯಾದರೂ ರಮಾಬಾಯಿ. ಮೂರಕ್ಕೂ ಒಟ್ಟಿಗೆ ಉತ್ತರ ಕೊಟ್ಟ ಮನೆ ಆ ಕಾಲದಲ್ಲಿ ಇರಲಿಲ್ಲ. ಈ ಜೂನಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುತ್ತಾ ಕೂತವರಿಗೆ ಆ ಕೆಲಸ ಬಾಕಿ ಇದೆ.